ಮುಕಾದಮನ ಹಂಗಾಮು

ಪ್ರಾಣಿಶಾಸ್ತ್ರ ಓದಿದವನಿಗೆ ಪ್ರಾಣಿಗಳ ಅಂಜಿಕೆ ಇರುವುದಿಲ್ಲ ಎಂದು ಜನ ಯಾಕೆ ನಂಬುತ್ತಾರೋ ನನಗೆ ಇನ್ನೂ ತಿಳಿದಿಲ್ಲ. ಕಾಯಿದೆ ಓದಿದ ವಕೀಲರು ಪೊಲೀಸರನ್ನು ಕಂಡು ಬೆವರುವುದನ್ನು ನಾನು ನೋಡಿದ್ದೇನೆ. ಓದಿನಿಂದ ಅಂಜಿಕೆ ಹೋಗುವುದಿಲ್ಲ, ಅಂಜಿಕೆಗೆ ಒಂದು ಲ್ಯಾಟಿನ್ ಹೆಸರು ಸಿಗುತ್ತದೆ, ಅಷ್ಟೆ. ಧಾರವಾಡದಲ್ಲಿ ಕಾಲೇಜು ಕಲಿಯುವಾಗ ನಾನು ಹಾವನ್ನು ಹತ್ತಿರದಿಂದ ಕಂಡದ್ದು ಗಾಜಿನ ಬರಣಿಯೊಳಗೆ, ಔಷಧದ ನೀರಿನಲ್ಲಿ ಸುರುಳಿ ಸುತ್ತಿಕೊಂಡು ಬಿಳಚಿಕೊಂಡದ್ದನ್ನು. ಅದನ್ನೂ ಬರಣಿಯ ಮುಚ್ಚಳ ಬಿಗಿಯಾಗಿದೆಯೇ ಎಂದು ಖಾತ್ರಿ ಮಾಡಿಕೊಂಡೇ ನೋಡುತ್ತಿದ್ದೆ. ಆಗಿನ ಅಂಜಿಕೆ ಏನೂ ಅಲ್ಲ ಬಿಡಿ. ಈಗ ತಂತಿಯ ಮೇಲೆ ಒಣಹಾಕಿದ ಅಂಗಿಯ ತೋಳು ಗಾಳಿಗೆ ತುಸು ಅಲುಗಾಡಿದರೂ ನಾನು ಎರಡು ಹೆಜ್ಜೆ ಹಿಂದಕ್ಕೆ ಹಾರುತ್ತೇನೆ. ಹೆಂಡತಿ ಅಡಿಗೆಮನೆಯಿಂದಲೇ ನೋಡಿ ನಗುತ್ತಾಳೆ. ಅವಳಿಗೆ ನಗು ಬರುವುದು ಸಹಜ. ಆ ದಿನ ಅವಳು ದುಮ್ಮವಾಡದಲ್ಲಿ ಆರಾಮಾಗಿ ಕೂತಿದ್ದಳು.

ನಾನು ಶಲವಡಿಯ ಹೈಸ್ಕೂಲಿಗೆ ವಿಜ್ಞಾನದ ಮಾಸ್ತರನಾಗಿ ಬಂದಾಗ ಬೆಲ್‌ಬಾಟಂ ಪ್ಯಾಂಟಿನ ಕಾಲ ಮುಗಿದಿತ್ತು. ಆದರೆ ಆ ಸುದ್ದಿ ನಮ್ಮೂರ ಟೇಲರನಿಗೆ ಇನ್ನೂ ಮುಟ್ಟಿರಲಿಲ್ಲ. ಊರಿಗೆ ಬಂದವನಿಗೆ ಈರಪ್ಪ ಕಾಕಾ ತಮ್ಮ ಮನೆಯ ಮುಂದಿನ ಖೋಲಿಯನ್ನು ಬಾಡಿಗೆಗೆ ಕೊಟ್ಟರು. ದೊಡ್ಡ ಮಾಳಗಿ ಮನೆ. ಬಾಗಿಲು ದಾಟಿದರೆ ಎತ್ತುಗಳು, ಎತ್ತುಗಳನ್ನು ದಾಟಿದರೆ ಮನುಷ್ಯರು, ಮನುಷ್ಯರನ್ನು ದಾಟಿದರೆ ಕಾಳಿನ ಖೋಲಿ. ಈ ಕೊನೆಯ ಖೋಲಿಯಲ್ಲಿ ಜೋಳ, ಕಡಲೆ, ಕುಸುಬೆಯ ಚೀಲಗಳ ನಡುವೆ ಮುಕಾದಮ ಇರುತ್ತಾನೆ ಎಂದು ಕಾಕಾ ಮೊದಲ ದಿನವೇ ಹೇಳಿದ್ದರು. ಆಳುಗಳ ಮೇಲಿನ ಯಾರೋ ವಯಸ್ಸಾದ ಮೇಸ್ತ್ರಿ ಇರಬೇಕು ಎಂದುಕೊಂಡಿದ್ದೆ. ಒಂದು ದಿನ ಮಧ್ಯಾಹ್ನ ಕಾಕಾ ನನ್ನನ್ನು ಕರೆದುಕೊಂಡು ಹೋಗಿ ಬಾಗಿಲು ತೆರೆದು ತೋರಿಸಿದರು. ಚೀಲದ ಮೇಲೆ ನನಗಿಂತ ಉದ್ದದ ಒಂದು ಕೇರೆ ಹಾವು ಮಲಗಿ ನನ್ನತ್ತ ನಾಲಿಗೆ ಆಡಿಸುತ್ತಿತ್ತು.

ಹಗೇವು ತೆಗೆಯುವಾಗ ಸಿಕ್ಕ ಗೇಣುದ್ದದ ಮರಿಯನ್ನು ತಂದು ಕಾಕಾ ಸಾಕಿದ್ದರು. ನೆಲದೊಳಗಿನ ಆ ಕಾಳಿನ ಕುಣಿಯಲ್ಲಿ ಅದು ಇಲಿಮರಿಯೊಂದನ್ನು ನುಂಗುವ ಪ್ರಯತ್ನದಲ್ಲಿತ್ತಂತೆ. ಆ ಕೆಲಸದ ನಿಷ್ಠೆ ನೋಡಿಯೇ ಅವರು ಅದನ್ನು ನೌಕರಿಗೆ ತೆಗೆದುಕೊಂಡರು. ಮನೆ ಅಗದಿ ಆಚಾರವಂತರದು. ಉಳ್ಳಾಗಡ್ಡಿಯನ್ನೂ ನೀಲವ್ವ ಕಾಕಿ ಸೋಮವಾರ ಒಳಗೆ ತರುತ್ತಿರಲಿಲ್ಲ. ಹಾವು ಇಲಿ ತಿನ್ನುತ್ತದಲ್ಲ ಎಂದು ನಾನು ಒಮ್ಮೆ ಕೆಣಕಿದ್ದಕ್ಕೆ ಕಾಕಿ, ಅದು ಲಿಂಗ ಕಟ್ಟಿಸಿಕೊಂಡಿಲ್ಲ, ಕಟ್ಟಿಸಿಕೊಂಡವರು ಏನೇನು ತಿನ್ನುತ್ತಾರೆ ನನಗೆ ಗೊತ್ತು ಎಂದು ನನ್ನ ಕಡೆಗೇ ನೋಡಿದರು. ನಾನು ಧಾರವಾಡದ ಹಾಸ್ಟೆಲಿನಲ್ಲಿ ಇದ್ದವನಾದ್ದರಿಂದ ವಿಷಯವನ್ನು ಮುಂದುವರಿಸಲಿಲ್ಲ.

ಕೇರೆ ವಿಷದ ಹಾವಲ್ಲ. ಇದು ನನಗೆ ಗೊತ್ತು. ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಹೇಳಿಕೊಟ್ಟಿದ್ದೇನೆ. ಆದರೆ ಬೋರ್ಡಿನ ಮೇಲೆ ಬರೆದ ಹಾವಿಗೂ ರಾತ್ರಿ ನೀರು ಕುಡಿಯಲು ಎದ್ದಾಗ ಮನೆಯಲ್ಲಿ ಎಲ್ಲೋ ಇದೆ ಎಂದು ಗೊತ್ತಿರುವ ಹಾವಿಗೂ ವ್ಯತ್ಯಾಸ ಇದೆ. ಆದರೂ ಹೊಂದಿಕೊಂಡೆ. ಮುಕಾದಮ ಸಂಭಾವಿತ. ಖೋಲಿ ಬಿಟ್ಟು ಹೊರಗೆ ಬರುತ್ತಿರಲಿಲ್ಲ, ತಿಂದರೆ ನಾಲ್ಕು ದಿನ ಮಲಗುತ್ತಿತ್ತು, ಕಾಕಾ ಬೆನ್ನು ಸವರಿದರೆ ಸುಮ್ಮನಿರುತ್ತಿತ್ತು. ನಮ್ಮ ಸಾಲಿಯ ಹೆಡ್‌ಮಾಸ್ತರರಲ್ಲೂ ಇಷ್ಟು ಒಳ್ಳೆಯ ಗುಣಗಳಿರಲಿಲ್ಲ.

ತೊಂದರೆ ಸುರುವಾದದ್ದು ಆ ವರ್ಷದ ಬೇಸಗೆಯ ಕೊನೆಗೆ. ರೋಹಿಣಿ ಮಳೆ ಇವತ್ತು ಬಂದೀತು ನಾಳೆ ಬಂದೀತು ಎಂದು ಎರೆಹೊಲಗಳು ಬಾಯಿಬಿಟ್ಟು ಕಾಯುತ್ತಿದ್ದ ದಿನಗಳು. ಮುಕಾದಮ ಇದ್ದಕ್ಕಿದ್ದಂತೆ ಊಟ ಬಿಟ್ಟಿತು. ಇಲಿ ಎದುರಿಗೆ ಹಾಯ್ದು ಹೋದರೂ ತಿರುಗಿ ನೋಡಲಿಲ್ಲ. ಹಗಲೆಲ್ಲ ಮಲಗುತ್ತಿದ್ದದ್ದು ಈಗ ಗೋಡೆಗುಂಟ ಮೂಗು ಉಜ್ಜುತ್ತ ಮೂಲೆಯಿಂದ ಮೂಲೆಗೆ ತಿರುಗುತ್ತಿತ್ತು. ಬಾಗಿಲ ಸಂದಿಯಲ್ಲಿ ತಲೆ ತೂರಿಸಿ ತಳ್ಳುತ್ತಿತ್ತು. ಗಳಿಗೆಗೊಮ್ಮೆ ನಾಲಿಗೆ ಹೊರಗೆ ಹಾಕಿ ಗಾಳಿಯಲ್ಲಿ ಏನನ್ನೋ ಓದುತ್ತಿತ್ತು. ಬೆನ್ನು ಸವರಲು ಹೋದ ಕಾಕಾನ ಕೈಗೆ ಬುಸ್ ಎಂದಿತು. ಮಗ ಎದುರುತ್ತರ ಕೊಟ್ಟರೆ ಆಗುವಷ್ಟು ನೋವು ಕಾಕಾನಿಗೆ ಆಯಿತು. ಕಾಳಿನ ಖೋಲಿಯಲ್ಲಿ ಇಲಿಗಳು ಜಾತ್ರೆ ಮಾಡುತ್ತಿದ್ದವು. ಕಾಕಾ ನನ್ನ ಹತ್ತಿರ ಬಂದು, ನೀವು ಇದನ್ನೇ ಓದಿದವರು, ಇದಕ್ಕೆ ಏನಾಗಿದೆ ಹೇಳಿ ಎಂದು ಕೂತರು.

ನನಗೆ ಉತ್ತರ ಗೊತ್ತಿತ್ತು. ಇದು ಗಂಡು, ಇದು ಅದರ ಕೂಡುವ ಕಾಲ. ಗಂಡು ಹಾವು ಈ ದಿನಗಳಲ್ಲಿ ಊಟ ಮರೆಯುತ್ತದೆ, ನಿದ್ದೆ ಮರೆಯುತ್ತದೆ, ಹೆಣ್ಣಿನ ಜಾಡು ಹಿಡಿದು ಅಲೆಯುತ್ತದೆ, ಇನ್ನೊಂದು ಗಂಡು ಎದುರಾದರೆ ಕುಸ್ತಿಗೆ ನಿಲ್ಲುತ್ತದೆ. ಪುಸ್ತಕದಲ್ಲಿ ಒಂದು ಪುಟ ಇತ್ತು, ಪರೀಕ್ಷೆಗೆ ಬರುತ್ತದೆ ಎಂದು ಬಾಯಿಪಾಠ ಮಾಡಿದ್ದೆ. ಆದರೆ ನೀಲವ್ವ ಕಾಕಿ ಅಲ್ಲೇ ಬಾಗಿಲ ಹೊಚ್ಚಲದ ಆಚೆಗೆ ಜೋಳ ಹಸನು ಮಾಡುತ್ತ ಕೂತಿದ್ದರು. ಹಾಗಾಗಿ ಮರ್ಯಾದೆಯ ಮಾತು ಹುಡುಕಿ, “ಇದು ಅದರ ಹಂಗಾಮು ರೀ ಕಾಕಾ” ಎಂದೆ.

“ಹಂಗಾಮಂದ್ರ? ಬಿತ್ತೂದೋ, ಕೊಯ್ಯೂದೋ?”

“ಬಿತ್ತೂದು” ಎಂದು ಹೇಳಿ ನಾನು ಗೋಡೆಯ ಕ್ಯಾಲೆಂಡರು ನೋಡತೊಡಗಿದೆ. ಹೊಚ್ಚಲದ ಆಚೆ ಜೋಳ ಕೇರುವ ಸಪ್ಪಳ ನಿಂತಿತು.

ಆ ಕ್ಷಣದಿಂದ ಕಾಕಿಗೆ ಒಂದು ಆಟ ಸಿಕ್ಕಿತು. ಯಾಕೆಂದರೆ ಆಗ ನನ್ನದೂ ಹಂಗಾಮೇ. ಹದಿನೈದು ದಿನದ ಹಿಂದೆ ಕಲಘಟಗಿ ಕಡೆಯ ದುಮ್ಮವಾಡಕ್ಕೆ ಹೋಗಿ ಶಾಂತಾ ಎಂಬ ಹುಡುಗಿಯನ್ನು ನೋಡಿಕೊಂಡು ಬಂದಿದ್ದೆ. ಅದಕ್ಕೂ ಮೊದಲು ನೋಡಿದ ಕನ್ಯೆಯರು ತಲೆ ಎತ್ತಿರಲಿಲ್ಲ, ನಾನೂ ಎತ್ತಿರಲಿಲ್ಲ, ಹೀಗಾಗಿ ಯಾರ ಮುಖವೂ ಯಾರಿಗೂ ಗೊತ್ತಾಗದೆ ಸಂಬಂಧಗಳು ತಪ್ಪಿಹೋಗಿದ್ದವು. ಈ ಹುಡುಗಿ ಅವಲಕ್ಕಿಯ ತಾಟು ಇಟ್ಟು ನೇರವಾಗಿ ನನ್ನನ್ನು ನೋಡಿ, “ನಿಮ್ಮ ಊರಾಗ ನೀರು ಸೀನೋ ಸವಳೋ?” ಎಂದು ಕೇಳಿದಳು. ಹಿರಿಯರು ಕೆಮ್ಮಿದರು. ನಾನು, ಬಾವಿ ನೀರು ಸವಳು, ಕುಡಿಯಲು ಕೆರೆಯ ನೀರು, ಅದು ಸಿಹಿ ಎಂದೆ. ತಲೆಯಾಡಿಸಿ ಒಳಗೆ ಹೋದಳು. ಇಷ್ಟು ಸರಿಯಾದ ಪ್ರಶ್ನೆಯನ್ನು ನನಗೆ ಯಾವ ಇನ್‌ಸ್ಪೆಕ್ಟರರೂ ಕೇಳಿರಲಿಲ್ಲ. ಅಂದಿನಿಂದ ನನಗೆ ಊಟ ಸೇರದಾಯಿತು. ಇವಳಲ್ಲದಿದ್ದರೆ ಮದುವೆಯೇ ಬೇಡ ಎಂದು ತೀರ್ಮಾನಿಸಿ, ಅದನ್ನು ಯಾರಿಗೂ ಹೇಳುವ ಧೈರ್ಯ ಇಲ್ಲದೆ ಪಡಸಾಲೆಯಲ್ಲಿ ಆ ತುದಿಯಿಂದ ಈ ತುದಿಗೆ ತಿರುಗುತ್ತಿದ್ದೆ.

ಕಾಕಿ ಎರಡೂ ಕಡೆ ಕಣ್ಣಿಟ್ಟರು. ಹಿಂದಿನ ಖೋಲಿಯಲ್ಲಿ ಒಂದು ಗೋಡೆಗುಂಟ ತಿರುಗುತ್ತಿದೆ, ಮುಂದಿನ ಖೋಲಿಯಲ್ಲಿ ಇನ್ನೊಂದು ಎಂದು ಬಾಜು ಮನೆಯವರಿಗೆ ಹೇಳಿದರು. ಅದು ಇಲಿ ಬಿಟ್ಟಿದೆ, ಇದು ರೊಟ್ಟಿ ಬಿಟ್ಟಿದೆ. ಅದು ಪೊರೆ ಕಳಚಿ ಮಿಂಚುತ್ತಿದೆ, ಇದು ಅಣ್ಣಿಗೇರಿಗೆ ಹೋಗಿ ಟೆರಿಕಾಟ್ ಅಂಗಿ ಹೊಲಿಸಿಕೊಂಡು ಬಂದಿದೆ. ಅದಕ್ಕೆ ಬುಸ್ ಎನ್ನಲು ಬರುತ್ತದೆ, ಇದಕ್ಕೆ ಅದೂ ಬರುವುದಿಲ್ಲ. ಇಷ್ಟು ಹೇಳಿ, ರೊಟ್ಟಿಯ ಮೇಲೆ ಇನ್ನಷ್ಟು ಬೆಣ್ಣೆ ಹಾಕಿ ನನ್ನ ಮುಂದೆ ಇಡುತ್ತಿದ್ದರು. ಬೈಯುವವರು ಬೆಣ್ಣೆ ಹಾಕಿದರೆ ಏನು ಮಾಡುವುದು, ತಿನ್ನಲೇಬೇಕಾಯಿತು.

ಅಷ್ಟರಲ್ಲಿ ದುಮ್ಮವಾಡದಿಂದ ಹೇಳಿಕೆ ಬಂತು. ಹುಡುಗಿಯ ತಂದೆ ಮತ್ತು ಸೋದರತ್ತೆ ಹುಡುಗ ಇರುವ ಮನೆ ನೋಡಲು ಬರುತ್ತಾರೆ. ನಮ್ಮ ಕಡೆ ಈ ಮನೆ ನೋಡುವ ಶಾಸ್ತ್ರವೇ ನಿಜವಾದ ಪರೀಕ್ಷೆ. ಕನ್ಯೆ ನೋಡುವುದು ಬರೀ ಅವಲಕ್ಕಿ ತಿನ್ನುವ ಕಾರ್ಯಕ್ರಮ. ನನ್ನ ತಂದೆ ಅಳ್ನಾವರದಲ್ಲಿ ಕಾಲು ಉಳುಕಿಸಿಕೊಂಡು ಮಲಗಿದ್ದರಿಂದ ಈರಪ್ಪ ಕಾಕಾ ನನ್ನ ಹಿರಿಯರಾಗಿ ನಿಂತರು. ತೀರ್ಮಾನವೆಲ್ಲ ಸೋದರತ್ತೆ ಗುರವ್ವನವರ ಕೈಯಲ್ಲಿದೆ, ತಂದೆ ಬರೀ ಬಸ್ಸಿನಲ್ಲಿ ಚೀಲ ಹಿಡಿಯಲು ಬರುತ್ತಾರೆ ಎಂದು ತಿಳಿದವರು ಹೇಳಿದರು. ನಾನು ಕಾಕಾನ ಮುಂದೆ ಒಂದೇ ಬೇಡಿಕೆ ಇಟ್ಟೆ: ಆ ದಿನ ಮುಕಾದಮನ ಸುದ್ದಿ ಬೇಡ, ಮುಕಾದಮ ಬೇಡವೇ ಬೇಡ. ಕಾಕಾ ಒಪ್ಪಿ, ಕಾಳಿನ ಖೋಲಿಯ ಬಾಗಿಲ ಸಂದಿಗೆ ತಾವೇ ಗೋಣಿಚೀಲ ತುರುಕಿದರು.

ಪ್ರಾಯಕ್ಕೆ ಬಂದ ಗಂಡಿಗೆ ಗೋಣಿಚೀಲ ಅಡ್ಡ ಬರುತ್ತದೆ ಎಂದು ನಂಬಿದ್ದು ನಮ್ಮ ತಪ್ಪು.

ಅವರು ಬಂದರು. ತಂದೆ ಮೆತ್ತನ್ನ ಮನುಷ್ಯ, ಕುಳಿತಲ್ಲಿ ಕುಳಿತೇ ಇದ್ದರು. ಗುರವ್ವತ್ತೆ ಕೂಡ್ರಲೇ ಇಲ್ಲ. ಎತ್ತುಗಳ ಹಲ್ಲು ನೋಡಿದರು, ಕೊಡದ ನೀರು ಬೊಗಸೆಯಲ್ಲಿ ಹಿಡಿದು ಕುಡಿದು ನೋಡಿದರು, ನನ್ನ ಖೋಲಿಯ ಹಾಸಿಗೆಯನ್ನು ಎತ್ತಿ ಕೆಳಗೆ ನೋಡಿದರು. ಅಲ್ಲಿ ಬಚ್ಚಿಟ್ಟ ಒಗೆಯದ ಅರಿವೆಗಳು ಇದ್ದವು. ಹಾಸಿಗೆ ಬಿಟ್ಟರು. ಆಮೇಲೆ ಹಿತ್ತಲು ನೋಡಬೇಕು ಎಂದರು. ಎಲ್ಲರೂ ಹಿತ್ತಲ ಬಾಗಿಲಿಗೆ ಬಂದೆವು.

ಹಿತ್ತಲಿನ ನಡುವೆ, ಒಣಗಿದ ಜೋಳದ ಕಣಿಕೆಯ ಬಣವೆಯ ಮುಂದೆ, ಎರಡು ಹಾವುಗಳು ಹುರಿಹಗ್ಗದಂತೆ ಹೆಣೆದುಕೊಂಡು ಮೊಣಕಾಲೆತ್ತರ ಎದ್ದು ನಿಂತಿದ್ದವು. ಏಳುವುದು, ಒಂದರ ಮೇಲೊಂದು ಬಾಗುವುದು, ನೆಲಕ್ಕೆ ಬಿದ್ದು ಮತ್ತೆ ಏಳುವುದು. ಬಿಸಿಲಿಗೆ ಮೈ ಹಿತ್ತಾಳೆಯಂತೆ ಹೊಳೆಯುತ್ತಿತ್ತು. ಒಂದನ್ನು ನೋಡಿದ ಕೂಡಲೆ ಗುರುತು ಹಿಡಿದೆ, ಅದು ಮುಕಾದಮ. ಇನ್ನೊಂದು ಹೊರಗಿನಿಂದ ಬಂದದ್ದು. ಪುಸ್ತಕದ ಆ ಪುಟ ಕಣ್ಣ ಮುಂದೆ ಬಂತು. ಎರಡೂ ಗಂಡು. ಇದು ಪ್ರಣಯವಲ್ಲ, ಕುಸ್ತಿ. ಯಾವ ತಲೆ ಕೆಳಗೆ ಹೋಗುತ್ತದೋ ಅದು ಸೋತಂತೆ.

ಗುರವ್ವತ್ತೆ ಸೆರಗು ಸರಿಮಾಡಿಕೊಂಡು ಕೈಮುಗಿದರು. “ಜೋಡಿ ಕೂಡ್ಯಾವು. ಸಂಬಂಧಾ ಮಾತಾಡಾಕ ಬಂದ ಹೊತ್ತಿನಾಗ ಜೋಡಿ ಕಂಡೂವಿ. ಇದಕ್ಕಿಂತ ಚಲೋ ಶಕುನ ಬೇಕೇನು?” ಎಂದರು. ಬೀಗರಾಗಬೇಕಾದ ಹುಡುಗಿಯ ತಂದೆಯೂ ಮೊದಲ ಸಲ ಮುಂದೆ ಬಂದು ಕೈಮುಗಿದರು.

ಇಲ್ಲಿ ನನ್ನ ಸಂಕಟ ನೀವು ಅರ್ಥಮಾಡಿಕೊಳ್ಳಬೇಕು. ಸುಳ್ಳನ್ನು ಕೇಳಿ ಸುಮ್ಮನಿರುವ ಅಭ್ಯಾಸ ವಿಜ್ಞಾನದ ಮಾಸ್ತರನಿಗೆ ಇರುವುದಿಲ್ಲ. ಹಾಗೆಂದು ಖರೇ ಹೇಳಿದರೆ ಏನಾಗುತ್ತದೆ? ಜೋಡಿಯ ಶಕುನ ಹೋಗಿ ಜಗಳದ ಶಕುನ ಆಗುತ್ತದೆ. ಮನೆ ನೋಡಲು ಬಂದ ಹೊತ್ತಿಗೆ ಹಿತ್ತಲಲ್ಲಿ ಎರಡು ಗಂಡುಗಳ ಬಡಿದಾಟ ಕಂಡೆವು ಎಂದು ಅವರು ಮುಂದಿನ ಬಸ್ಸಿಗೇ ಹೋಗುತ್ತಾರೆ, ಸೀನೋ ಸವಳೋ ಎಂದು ಕೇಳಿದ ಹುಡುಗಿ ಬೇರೆ ಯಾವನಿಗೋ ಅದೇ ಪ್ರಶ್ನೆ ಕೇಳುತ್ತಾಳೆ. ಇಷ್ಟೆಲ್ಲ ತಿಳಿದೂ ನನ್ನ ಬಾಯಿ ತಾನಾಗಿಯೇ ತೆರೆಯಿತು. “ಅವು ಎರಡೂ…” ಎನ್ನುವಷ್ಟರಲ್ಲಿ ಕಾಕಿ ನನ್ನ ಮೊಣಕೈ ಹಿಡಿದು ಮೆಲ್ಲಗೆ ಹೇಳಿದರು:

“ಮಾಸ್ತರ, ಸಾಲಿ ಸೂಟಿ ಐತಿ. ಇವತ್ತು ಪಾಠ ಬ್ಯಾಡ.”

ಬಾಯಿ ಮುಚ್ಚಿದೆ. ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇವತ್ತು ಅಂಗಿಗೆ ಅಂಜುವ ಮನುಷ್ಯ ಆಗಿರುತ್ತಿರಲಿಲ್ಲ. ಆದರೆ ಜೋಡಿ ಹಾವು ಕಂಡರೆ ಅವುಗಳ ಮೇಲೆ ಹೊಸ ಅರಿವೆ ಹಾಕಬೇಕು, ಅವು ಬಿಟ್ಟುಹೋದ ಮೇಲೆ ಆ ಅರಿವೆಯನ್ನು ಮನೆಯ ಪೆಟ್ಟಿಗೆಯಲ್ಲಿ ಇಟ್ಟುಕೊಂಡರೆ ಸಿರಿ ಹೆಚ್ಚುತ್ತದೆ, ಗಂಡ ಹೆಂಡತಿ ಅಗಲುವುದಿಲ್ಲ ಎಂಬ ನಂಬಿಕೆ ಒಂದಿದೆ. ಗುರವ್ವತ್ತೆ ಹೊಸ ಅರಿವೆ ತನ್ನಿ ಎಂದರು. ನೀರು ಮುಟ್ಟಿಸಿದ್ದು ನಡೆಯುವುದಿಲ್ಲ. ಕಾಕಿ ಪೆಟ್ಟಿಗೆ ನೆನಪಿಸಿಕೊಂಡು, ಇದ್ದ ಹೊಸ ಸೀರೆ ಮಗಳಿಗೆ ಕೊಟ್ಟುಕಳಿಸಿದೆ ಎಂದರು. ಆಮೇಲೆ ಎಲ್ಲರೂ ಒಮ್ಮೆಲೇ ನನ್ನ ಎದೆಯ ಕಡೆ ನೋಡಿದರು. ಅಲ್ಲಿ ಅವತ್ತೇ ಮೊದಲ ಸಲ ತೊಟ್ಟ, ಇನ್ನೂ ಅಂಗಡಿಯ ವಾಸನೆ ಬರುತ್ತಿದ್ದ, ತಿಳಿನೀಲಿ ಟೆರಿಕಾಟ್ ಅಂಗಿ ಇತ್ತು.

“ವರಾನ ಕೈಲೇ ಹಾಕಲಿ, ಇನ್ನೂ ಚಲೋ” ಎಂದರು ಗುರವ್ವತ್ತೆ.

ಅಂಗಿ ಕಳಚಿದೆ. ಒಳಗಿನ ಬನಿಯನ್ನು ಹೊಸದಲ್ಲ. ಹೊರಗೆ ಕಾಣದ್ದಕ್ಕೆ ಯಾಕೆ ಖರ್ಚು ಎಂಬುದು ಬ್ರಹ್ಮಚಾರಿಗಳ ಅರ್ಥಶಾಸ್ತ್ರ. ಬೆನ್ನ ಮೇಲಿನ ತೂತುಗಳೊಳಗಿಂದ ಹಿತ್ತಲ ಗಾಳಿ ಆಡುತ್ತಿದ್ದದ್ದು ಚೆನ್ನಾಗಿ ತಿಳಿಯುತ್ತಿತ್ತು. ಹೆಣ್ಣಿನ ತಂದೆ ಸೌಜನ್ಯದಿಂದ ಆಕಾಶ ನೋಡಿದರು. ಗುರವ್ವತ್ತೆ ತೂತುಗಳನ್ನೇ ನೋಡಿದರು. ನಾನು ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು, ದೇವರಿಗೆ ಆರತಿ ಒಯ್ಯುವವನಂತೆ ನಡೆದೆ. ಬಾಯಿಯಿಂದ ಏನೋ ಹೊರಡುತ್ತಿತ್ತು. ಶಿವನ ನಾಮ ಇರಬೇಕು ಎಂದು ಎಲ್ಲರೂ ತಿಳಿದರಂತೆ. ಅದು ಸರೀಸೃಪಗಳ ವರ್ಗೀಕರಣ. ಜೀವಕ್ಕೆ ಬಂದಾಗ ಮನುಷ್ಯ ತಾನು ಬಾಯಿಪಾಠ ಮಾಡಿದ್ದನ್ನೇ ನೆನೆಯುತ್ತಾನೆ. ಆ ಹೊತ್ತಿನಲ್ಲಿ ನನಗೆ ಹಾವುಗಳಿಗೆ ಕಿವಿ ಇಲ್ಲ, ವಿಷ ಇಲ್ಲ, ಕಾಲು ಮೊದಲೇ ಇಲ್ಲ ಎಂಬುದೆಲ್ಲ ಸರಿಯಾಗಿ ನೆನಪಿತ್ತು. ನನಗೆ ಕಾಲಿವೆ ಎಂಬುದು ಮಾತ್ರ ಮರೆತಿತ್ತು.

ಅಂಗಿ ಎಸೆದೆ. ಅದು ಚೆನ್ನಾಗಿಯೇ ಹರಡಿಕೊಂಡು ಬಿತ್ತು. ಆಮೇಲೆ ಅಂಗಿಯ ಹೊಟ್ಟೆ ಉಬ್ಬಿತು, ಬೆನ್ನು ಉಬ್ಬಿತು, ಕುಸ್ತಿ ಬಿಟ್ಟ ಒಂದು ಹಾವು ಒಂದು ಬದಿಯಿಂದ ಸರಕ್ಕನೆ ಹೊರಗೆ ಬಂತು. ಇನ್ನೊಂದಕ್ಕೆ, ಅಂದರೆ ನಮ್ಮ ಮುಕಾದಮನಿಗೆ, ದಾರಿ ಸಿಗಲಿಲ್ಲ. ಸಂದಿ ಕಂಡಲ್ಲಿ ತಲೆ ತೂರಿಸುವುದು ಆ ತಿಂಗಳು ಅದಕ್ಕೆ ಹತ್ತಿದ ಚಟ. ಅಂಗಿಯ ಬಲತೋಳೊಳಗೆ ತಲೆ ತೂರಿಸಿತು. ಗುಂಡಿ ಹಾಕಿದ ತೋಳಬಾಯಿಯಿಂದ ಮುಖ ಹೊರಗೆ ಬಂತು, ಮೈ ಒಳಗೆ ಉಳಿಯಿತು. ತೋಳು ನೆಟ್ಟಗೆ ಎದ್ದು ನಿಂತು ನನ್ನತ್ತ ತಿರುಗಿ ನಾಲಿಗೆ ಚಾಚಿತು. ನನ್ನದೇ ಅಂಗಿ, ನನ್ನದೇ ಅಳತೆ, ನನ್ನನ್ನೇ ಹುಡುಕಿಕೊಂಡು ನೆಲದ ಮೇಲೆ ಹರಿದು ಬರತೊಡಗಿತು.

ಬಣವೆ ಏರಲು ಏಣಿ ಬೇಕು. ಇದು ಎರೆನಾಡಿನ ಮಕ್ಕಳಿಗೂ ಗೊತ್ತು. ನಾನು ಏಣಿ ಇಲ್ಲದೆ ಹೇಗೆ ಏರಿದೆ ಎಂಬುದನ್ನು ಆಮೇಲೆ ಕಾಕಾ ಎಷ್ಟೋ ಮಂದಿಗೆ ಸ್ಥಳ ತೋರಿಸಿ ವಿವರಿಸಲು ನೋಡಿ ಸೋತಿದ್ದಾರೆ. ನನಗೆ ಗೊತ್ತಿರುವುದು ಇಷ್ಟೆ: ಕೆಳಗಿದ್ದೆ, ಆಮೇಲೆ ಮೇಲಿದ್ದೆ. ಮೇಲಿನಿಂದ ನೋಡಿದರೆ ಅಂಗಿ ಬಣವೆಯ ಬುಡದಲ್ಲಿ ಬಿದ್ದಿತ್ತು, ಖಾಲಿ. ಮುಕಾದಮ ಅದನ್ನು ಕಳಚಿ ಬೇಲಿಯತ್ತ ಹೋಗುತ್ತಿತ್ತು. ಉಸಿರು ಬಿಟ್ಟೆ. ಆಗ ಬೀಗರು ಕೆಳಗಿನಿಂದ ಬಹಳ ಮರ್ಯಾದೆಯಿಂದ, “ಆ ಇನ್ನೊಂದು ಬಣವಿ ಒಳಗ ಹೊಕ್ಕತು ನೋಡ್ರಿ” ಎಂದು ತಿಳಿಸಿದರು.

ಅವರು ಹೇಳದಿದ್ದರೂ ನಡೆಯುತ್ತಿತ್ತು. ನನ್ನ ಕೆಳಗೆ ಕಣಿಕೆ ಸರಸರ ಎಂದಿತು. ಒಮ್ಮೆ ಬಲಗಾಲ ಕೆಳಗೆ, ಒಮ್ಮೆ ಎಡಗಾಲ ಕೆಳಗೆ. ನಾನು ಎರಡೂ ಕಾಲು ಎತ್ತಲು ಬಹಳ ಪ್ರಯತ್ನಪಟ್ಟೆ.

ನಾನು ಬಣವೆಯ ಮೇಲೆ ಇದ್ದೇನೆ ಎಂಬುದನ್ನು ಮರೆಯಬೇಡಿ. ಅಷ್ಟರಲ್ಲಿ ಮುಕಾದಮನ ಸುದ್ದಿ ಹೇಳಿ ಮುಗಿಸುತ್ತೇನೆ. ಅವತ್ತು ಬೇಲಿ ದಾಟಿದ್ದು ರೋಹಿಣಿ, ಮೃಗಶಿರ ಎರಡೂ ಮಳೆ ಆಗುವವರೆಗೆ ಬರಲಿಲ್ಲ. ಕಾಕಾ ದಿನಾ ಸಂಜೆ ಹೊಲದ ಬದುವಿನ ಮೇಲೆ ನಿಂತು ನೋಡುತ್ತಿದ್ದರು. ಒಂದು ಬೆಳಿಗ್ಗೆ ಕಾಳಿನ ಖೋಲಿ ತೆಗೆದರೆ ಅದೇ ಜೋಳದ ಚೀಲದ ಮೇಲೆ ಮಲಗಿತ್ತು. ಮೈ ಇಳಿದು ಬೆನ್ನೆಲುಬು ಕಾಣುತ್ತಿತ್ತು, ಬದಿಗೆ ಗಾಯದ ಗೀರು. ಎಲ್ಲಿ ಹೋಗಿತ್ತು, ಏನು ಮಾಡಿತು, ಕಾಕಾ ಕೇಳಲಿಲ್ಲ, ಅದೂ ಹೇಳಲಿಲ್ಲ. ಬೆನ್ನು ಸವರಿದರೆ ಸುಮ್ಮನಿತ್ತು. ಆ ದಿನವೇ ಎರಡು ಇಲಿ ನುಂಗಿ ಮಲಗಿತು. ಒಂದು ತಿಂಗಳ ಹುಚ್ಚು, ಆಮೇಲೆ ಹನ್ನೊಂದು ತಿಂಗಳ ಸಂಭಾವಿತತನ. ನಮ್ಮಂಥವರಿಗೆ ದೇವರು ಇಷ್ಟು ಚೊಕ್ಕಟವಾಗಿ ವೇಳೆ ಹಾಕಿಕೊಟ್ಟಿಲ್ಲ.

ಇರಲಿ, ಬಣವೆ. ಮೇಲೆ ನಿಂತು ನನಗೆ ಅಳು ಬಂದಿತ್ತು. ಹಾವಿಗಾಗಿ ಅಲ್ಲ. ಹಾವಿನ ಅಂಜಿಕೆಯೊಳಗೂ ಒಂದು ಮಾತು ಸ್ಪಷ್ಟ ಇತ್ತು: ಶಾಂತಾ ಕೈಬಿಟ್ಟುಹೋದಳು. ವಿಷವಿಲ್ಲದ ಹಾವಿಗೆ ಹೆದರಿ, ತೂತು ಬನಿಯನ್ನಿನಲ್ಲಿ ಬಣವೆ ಏರಿ ನಿಂತ ಪದವೀಧರನಿಗೆ ಯಾರು ಹೆಣ್ಣು ಕೊಡುತ್ತಾರೆ? ಕೆಳಗೆ ಕಾಕಾ ತಲೆ ತಗ್ಗಿಸಿ ನಿಂತಿದ್ದರು. ಕಾಕಿ ಸೆರಗು ಬಾಯಿಗೆ ಹಿಡಿದಿದ್ದರು. ಅದು ದುಃಖವಲ್ಲ ಎಂಬುದು ಭುಜ ಕುಣಿಯುವುದರಿಂದ ಗೊತ್ತಾಗುತ್ತಿತ್ತು. ಗುರವ್ವತ್ತೆ ನನ್ನನ್ನು ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ, ಎತ್ತಿನ ಹಲ್ಲು ನೋಡಿದಷ್ಟೇ ಗಮನವಿಟ್ಟು ನೋಡಿದರು. ಆಮೇಲೆ ಹೋಗಿ ಅಂಗಿಯನ್ನು ಎತ್ತಿಕೊಂಡು, ಮಣ್ಣು ಝಾಡಿಸಿ, ಮಡಚಿ ಬಗಲಲ್ಲಿಟ್ಟುಕೊಂಡರು. ತಮ್ಮನ ಕಡೆ ತಿರುಗಿದರು. ದನಿ ತಗ್ಗಿಸುವ ಅಭ್ಯಾಸ ಅವರಿಗಿಲ್ಲದ್ದರಿಂದ ನನಗೆ ಒಂದೊಂದು ಅಕ್ಷರವೂ ಕೇಳಿತು.

“ತಮ್ಮಾ, ಹುಡುಗಿ ಕೊಡೂಣು. ಕೇರಿ ಹಾವಿಗೆ ಇಷ್ಟು ಅಂಜಾಂವ ಹೇಣ್ತಿಗೆ ಅಂಜದ ಇರ್ತಾನೇನು? ನನ್ನ ಗಂಡಗ ಯಾತರದೂ ಅಂಜಿಕಿ ಇರಲಿಲ್ಲ. ನಾ ಪಟ್ಟದ್ದು ನನಗ ಗೊತ್ತೈತಿ.”

ಹೀಗೆ ನಾನು ಬಣವೆಯಿಂದ ಇಳಿಯುವ ಮೊದಲೇ ನನ್ನ ಲಗ್ನ ನಿಶ್ಚಯವಾಗಿತ್ತು. ಇಂಥ ಯೋಗ್ಯತೆಯ ಮೇಲೆ ಆಯ್ಕೆಯಾದೆ ಎಂದು ಸಂತೋಷಪಡಬೇಕೋ ಬಿಡಬೇಕೋ ತಿಳಿಯಲಿಲ್ಲ, ಸಂತೋಷವಂತೂ ಆಗಿಬಿಟ್ಟಿತು. ಕಾಳಿನ ಖೋಲಿಯ ಗೋಡೆಗಿದ್ದ ಏಣಿಯನ್ನು ಬೀಗರು ತಾವೇ ಹೊತ್ತು ತಂದು ಬಣವೆಗೆ ಆನಿಸಿ, ಕೆಳಗೆ ಗಟ್ಟಿಯಾಗಿ ಹಿಡಿದು ನಿಂತರು. “ಸಾವಕಾಶ ಇಳೀರಿ ಅಳಿಯಂದ್ರ” ಎಂದರು.

ಇಳಿದೆ. ಮದುವೆಯಾಗಿ ಎರಡು ವರ್ಷವಾಯಿತು. ನಮ್ಮ ಮನೆಯಲ್ಲಿ ನಾನು ಇನ್ನೂ ಮೇಲೆ ಏರಿಲ್ಲ.